ಮಕ್ಕಳೊಂದಿಗೆ ಸ್ಕೀ ರಜೆ: ಊರು ಆರಿಸುವ ಮುನ್ನ

"ಈ ಸಲ ಚಳಿಗಾಲದ ರಜೆಗೆ ಸ್ವಿಟ್ಜರ್‌ಲ್ಯಾಂಡ್. ಮಕ್ಕಳಿಗೆ ಸ್ಕೀ ಕಲಿಸೋಣ ಅಂತಿದೆ. ಜೆರ್ಮಾಟ್ ಚೆನ್ನಾಗಿದೆಯಂತೆ, ಬುಕ್ ಮಾಡಿಬಿಡೋದಾ?"

ಈ ಪ್ರಶ್ನೆ ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಕೇಳುತ್ತದೆ, ಲಂಡನ್, ಮ್ಯೂನಿಕ್‌ನಲ್ಲಿ ನೆಲೆಸಿದ ನಮ್ಮವರ ಬಾಯಲ್ಲೂ ಕೇಳುತ್ತದೆ. ಜೆರ್ಮಾಟ್ ಒಳ್ಳೆಯ ಊರು, ಎರಡು ಮಾತಿಲ್ಲ. 4478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರ ಪೇಟೆ ಬೀದಿಯಿಂದಲೇ ಕಾಣುತ್ತದೆ. ಪೆಟ್ರೋಲ್ ಕಾರುಗಳಿಗೆ ಊರೊಳಗೆ ಪ್ರವೇಶವಿಲ್ಲ. ಆದರೆ ಮೊದಲ ಸಲ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಳ್ಳುವ ಆರು ವರ್ಷದ ಮಗುವಿಗೆ ಮ್ಯಾಟರ್‌ಹಾರ್ನ್‌ನಿಂದ ಆಗಬೇಕಾದ್ದು ಏನೂ ಇಲ್ಲ. ಅದಕ್ಕೆ ಬೇಕಾದದ್ದು ಐವತ್ತೋ ನೂರೋ ಮೀಟರ್ ಉದ್ದದ, ಇಳಿಜಾರೋ ಅಲ್ಲವೋ ಅನ್ನಿಸುವಂಥ ಒಂದು ತುಂಡು ಹಿಮದ ಜಾಗ. ಜೆರ್ಮಾಟ್‌ನಲ್ಲಿ ಮಕ್ಕಳು ಕಲಿಯುವ ಮುಖ್ಯ ಜಾಗ ಊರೊಳಗಿಲ್ಲ. ಬೆಟ್ಟದ ಒಳಗಿನ ಸುರಂಗ ರೈಲಿನಲ್ಲಿ ಸುನೆಗ್ಗಾಗೆ ಹತ್ತಿ, ಅಲ್ಲಿಂದ ಲೈಸೇ ಎಂಬ ಕೆರೆಯ ಬಳಿಗೆ ಹೋಗಬೇಕು. ಜೊತೆಗೆ ಅಲ್ಲಿನ ಹಾದಿಗಳಲ್ಲಿ ಬಹುಪಾಲು ಸ್ಕೀ ಚೆನ್ನಾಗಿ ಬರುವವರಿಗಾಗಿ ಇರುವಂಥವು. ದುಬಾರಿ ದರ ತೆತ್ತು, ಬೆಟ್ಟದ ಒಂದು ಮೂಲೆಯಲ್ಲಿ ವಾರ ಕಳೆದು ಬಂದ ಹಾಗಾಗುತ್ತದೆ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಸ್ಕೀ ಬರುವವರು ಯಾರೋ, ಅವರನ್ನು ನೋಡಿ ಊರು ಆರಿಸಿ. ಚೆನ್ನಾಗಿ ಬರುವವರು ಎಂಥ ಊರಿನಲ್ಲೂ ಹೇಗೋ ಖುಷಿ ಹುಡುಕಿಕೊಳ್ಳುತ್ತಾರೆ. ಬಾರದವರಿಗೆ ಊರು ಒಗ್ಗದಿದ್ದರೆ ಎರಡನೇ ದಿನವೇ ಎಲ್ಲರ ರಜೆಯೂ ಕೆಡುತ್ತದೆ.

ಸ್ಕೀ ಬೇಕೋ, ಹಿಮ ಸಾಕೋ?

ಮೊದಲು ಇದನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ನಮ್ಮಲ್ಲಿ ತುಂಬ ಜನಕ್ಕೆ ನಿಜವಾಗಿ ಬೇಕಿರುವುದು ಹಿಮ. ಉಂಡೆ ಮಾಡಿ ಎಸೆಯಬೇಕು, ಜಾರಬೇಕು, ಫೋಟೋ ತೆಗೆಯಬೇಕು. ಅದಕ್ಕೆ ಸ್ಕೀ ರಜೆ ಬೇಕಿಲ್ಲ. ಎಂಗೆಲ್‌ಬರ್ಗ್‌ನಿಂದ ತಿರುಗುವ ಕೇಬಲ್ ಕಾರಿನಲ್ಲಿ ಟಿಟ್ಲಿಸ್‌ಗೆ ಹೋಗಿ ಬಂದರೆ ಸಾಕು. ಇಲ್ಲವೇ 1912ರಿಂದ ಓಡುತ್ತಿರುವ ರೈಲಿನಲ್ಲಿ 3454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್‌ಗೆ ಹೋಗಿ ಬರಬಹುದು. ಪ್ಯಾಕೇಜ್ ಟೂರಿನವರು ಮಾಡಿಸುವುದೂ ಅದನ್ನೇ, ಅದರಲ್ಲಿ ತಪ್ಪೇನೂ ಇಲ್ಲ.

ಸ್ಕೀ ಕಲಿಯುವುದು ಬೇರೆ ವಿಷಯ. ಒಂದೇ ದಿನದಲ್ಲಿ ಬರುವ ವಿದ್ಯೆ ಅದಲ್ಲ. ಮೊದಲ ದಿನ ಬರೀ ನಿಲ್ಲುವುದು, ಬೀಳುವುದು, ಏಳುವುದು. ನಿಲ್ಲಿಸಲು, ತಿರುಗಿಸಲು ಕೈಗೂಡುವುದು ಸಾಮಾನ್ಯವಾಗಿ ಮೂರನೇ ನಾಲ್ಕನೇ ದಿನದ ಹೊತ್ತಿಗೆ. ಅಲ್ಲಿಂದಾಚೆಗೇ ಮಜಾ ಶುರು. ಯುರೋಪಿನಲ್ಲಿ ಸ್ಕೀ ರಜೆ ಅಂದರೆ ಆರು ದಿನ ಎಂಬ ರೂಢಿ ಬಂದಿರುವುದು ಸುಮ್ನೆ ಅಲ್ಲ. "ಹತ್ತು ದಿನದಲ್ಲಿ ಪ್ಯಾರಿಸ್, ರೋಮ್, ನಡುವೆ ಎರಡು ದಿನ ಸ್ಕೀ" ಅನ್ನುವ ಯೋಜನೆಯಲ್ಲಿ ಕಷ್ಟದ ಭಾಗ ಪೂರ್ತಿ ಸಿಗುತ್ತದೆ, ಸುಖದ ಭಾಗ ಸಿಗುವಷ್ಟರಲ್ಲಿ ವಿಮಾನ ಹತ್ತಬೇಕಾಗುತ್ತದೆ.

ಮಗುವಿಗೆ ಇಷ್ಟವಾಗುತ್ತೋ ಇಲ್ವೋ ಎಂಬ ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಬೆಂಗಳೂರಿನಿಂದ ಯುರೋಪಿಗೆ ದುಬೈ ದಾರಿಯಾಗಿ ಹೋಗುವವರು ಬಹಳ. 2005ರಲ್ಲಿ ಶುರುವಾದ ಸ್ಕೀ ದುಬೈ ಎಂಬ ಹಿಮದ ಜಾಗ ಒಂದು ಮಾಲ್‌ನೊಳಗೇ ಇದೆ. ನಡುವೆ ಒಂದು ದಿನ ಅಲ್ಲಿ ಉಳಿದು ಒಂದು ಪಾಠ ಕೊಡಿಸಿ ನೋಡಿ. ಗಟ್ಟಿ ಬೂಟು ಹಾಕಿಕೊಳ್ಳುವಾಗಲೇ ಮಗು ರಂಪ ಮಾಡಿದರೆ ಲಕ್ಷಾಂತರ ರೂಪಾಯಿ ಹಾಕುವ ಮೊದಲೇ ಗೊತ್ತಾಯಿತಲ್ಲ.

ಎತ್ತರ: ಒಂದಲ್ಲ, ಮೂರು ಅಂಕಿ

ಸ್ಕೀ ರೆಸಾರ್ಟ್ ಅಂದರೆ ಕೊಡಗಿನ ರೆಸಾರ್ಟಿನ ಹಾಗೆ ಬೇಲಿ ಹಾಕಿದ ಒಂದು ಜಾಗ ಅಲ್ಲ. ಬೆಟ್ಟದ ಕೆಳಗೊಂದು ಹಳ್ಳಿ, ಅಲ್ಲಿಂದ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟುಗಳು, ಮೇಲಿನಿಂದ ಕೆಳಕ್ಕೆ ಗುರುತು ಹಾಕಿದ ಹಾದಿಗಳು. ಹೋಟೆಲು, ಲಿಫ್ಟ್ ಕಂಪನಿ, ಸ್ಕೀ ಶಾಲೆ, ಬಾಡಿಗೆ ಅಂಗಡಿ ಬೇರೆ ಬೇರೆಯವರದು ಆಗಿರುವುದೇ ಹೆಚ್ಚು.

ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದು ತುದಿಯ ಎತ್ತರವನ್ನು. ನೀವು ನೋಡಬೇಕಾದ್ದು ಮೂರು: ಮಲಗುವ ಹಳ್ಳಿ ಎಷ್ಟು ಎತ್ತರ, ಮಗು ಕಲಿಯುವ ಜಾಗ ಎಷ್ಟು ಎತ್ತರ, ತುದಿ ಎಷ್ಟು ಎತ್ತರ. ಕಲಿಯುವವರಿಗೆ ತುದಿಯ ಅಂಕಿ ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ.

ಸಾವಿರ ಮೀಟರ್ ಮೇಲೇರಿದರೆ ಸರಾಸರಿ ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ. ಕೆಳಗೆ ಮಳೆ ಹೊಯ್ಯುವಾಗ ಮೇಲೆ ಹಿಮ ಬೀಳುವುದು ಇದರಿಂದಲೇ. ಆಸ್ಟ್ರಿಯಾದ ಹೆಸರುವಾಸಿ ಕಿಟ್ಸ್‌ಬ್ಯೂಹೆಲ್ ಪಟ್ಟಣ ಇರುವುದು ಸುಮಾರು 760 ಮೀಟರ್‌ನಲ್ಲಿ. ಹಳೆಯ ಬೀದಿಗಳ ಚೆಂದದ ಊರು, ಆದರೆ ಚಳಿಗಾಲ ಕೈಕೊಟ್ಟ ವರ್ಷ ಕೆಳಭಾಗದಲ್ಲಿ ಹಸಿರು ಹುಲ್ಲಿನ ನಡುವೆ ಬಿಳಿ ಪಟ್ಟಿಗಳಷ್ಟೇ ಕಾಣುತ್ತವೆ. ಆ ಪಟ್ಟಿಗಳು ಯಂತ್ರದ ಹಿಮ. ಯಂತ್ರಕ್ಕೂ ಚಳಿ ಬೇಕು. ಗಾಳಿ ತೇವವಾಗಿದ್ದು ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿದ್ದರೆ ಅದೂ ಕೆಲಸ ಮಾಡದು. "ನಮ್ಮಲ್ಲಿ ಎಲ್ಲ ಹಾದಿಗೂ ಹಿಮಯಂತ್ರ ಇದೆ" ಎಂಬ ಮಾತಿಗೆ ಪೂರ್ತಿ ಭರವಸೆ ಇಡಬೇಡಿ.

ಇನ್ನೊಂದು ತುದಿಯಲ್ಲಿ ಫ್ರಾನ್ಸಿನ ವಾಲ್ ತೊರಾನ್ಸ್ ಇದೆ. ಹಳ್ಳಿಯೇ 2300 ಮೀಟರ್‌ನಲ್ಲಿ, ಯುರೋಪಿನ ಸ್ಕೀ ಹಳ್ಳಿಗಳಲ್ಲೆಲ್ಲ ಎತ್ತರದ್ದು. ನವೆಂಬರ್ ಕೊನೆಯಿಂದ ಮೇ ಮೊದಲ ವಾರದವರೆಗೆ ಹಿಮದ ಚಿಂತೆ ಕಡಿಮೆ. ಆದರೆ ಅಷ್ಟು ಮೇಲೆ ಮರಗಳಿಲ್ಲ. ಹಿಮ ಸುರಿಯುವ ದಿನ ಆಕಾಶ ಯಾವುದು, ನೆಲ ಯಾವುದು ಗೊತ್ತಾಗದಂತೆ ಎಲ್ಲ ಬೆಳ್ಳಗಾಗಿಬಿಡುತ್ತದೆ. ಮರಗಳಿದ್ದರೆ ಕಣ್ಣಿಗೆ ಒಂದು ಆಧಾರ ಸಿಗುತ್ತದೆ, ಗಾಳಿಯೂ ತಗ್ಗುತ್ತದೆ. ಪುಟ್ಟ ಮಕ್ಕಳಿಗೆ ಅಷ್ಟು ಎತ್ತರದಲ್ಲಿ ಮೊದಲ ಒಂದೆರಡು ರಾತ್ರಿ ನಿದ್ದೆ ಸರಿಯಾಗಿ ಬರದೆ, ತಲೆನೋವು ಬರುವುದೂ ಉಂಟು. ಅಮೆರಿಕದ ಕೊಲರಾಡೊದಲ್ಲಿ ಇದು ಇನ್ನೂ ಜಾಸ್ತಿ. ಬ್ರೆಕೆನ್‌ರಿಜ್ ಪಟ್ಟಣವೇ ಸುಮಾರು 2900 ಮೀಟರ್‌ನಲ್ಲಿದೆ. ಸಮುದ್ರಮಟ್ಟದ ಊರಿಂದ ನೇರ ಅಲ್ಲಿಗೆ ಹೋಗುವ ಬದಲು ಡೆನ್ವರ್‌ನಲ್ಲಿ ಒಂದು ರಾತ್ರಿ ಉಳಿದು ಹೋಗುವುದು ಜಾಣತನ.

ಜನವರಿ, ಫೆಬ್ರವರಿಗಾದರೆ ಹಳ್ಳಿ 1200ರಿಂದ 1800 ಮೀಟರ್ ನಡುವೆ, ಕಲಿಯುವ ಜಾಗ ಅದಕ್ಕಿಂತ ತುಸು ಮೇಲೆ ಇದ್ದರೆ ನನಗೆ ಸಮಾಧಾನ. ಅದರ ಜೊತೆಗೆ ಉತ್ತರಕ್ಕೆ ಮುಖ ಮಾಡಿದ ಇಳಿಜಾರಾದರೆ ಬಿಸಿಲು ಕಡಿಮೆ ಬಿದ್ದು ಹಿಮ ಹೆಚ್ಚು ದಿನ ಉಳಿಯುತ್ತದೆ.

ನಮ್ಮ ಶಾಲೆ ರಜೆ, ಅವರ ಹಿಮ

ಕರ್ನಾಟಕದಿಂದ ಹೊರಡುವವರಿಗೆ ನಿಜವಾದ ತೊಡಕು ಇಲ್ಲಿದೆ. ನಮ್ಮ ದೊಡ್ಡ ರಜೆ ಏಪ್ರಿಲ್-ಮೇ. ಇನ್ನೊಂದು ದಸರಾ. ಎರಡೂ ಆಲ್ಪ್ಸ್‌ನ ಸೀಸನ್‌ಗೆ ಹೊಂದುವುದಿಲ್ಲ. ಕ್ರಿಸ್‌ಮಸ್ ರಜೆ ಕೊಡುವ ಶಾಲೆಗಳ ಮಕ್ಕಳಿಗೆ ಡಿಸೆಂಬರ್ ಕೊನೆಯ ವಾರ ಸಿಗುತ್ತದೆ. ಅದು ಇಡೀ ವರ್ಷದಲ್ಲೇ ದರ ಗಗನಕ್ಕೇರುವ ವಾರ. ಮೇಲಾಗಿ ಆಗಿನ್ನೂ ತಗ್ಗಿನ ಊರುಗಳಲ್ಲಿ ಹಿಮ ಸರಿಯಾಗಿ ಕೂತಿರುವುದಿಲ್ಲ.

ಏಪ್ರಿಲ್‌ನಲ್ಲೇ ಹೋಗಬೇಕೆಂದರೆ ಎತ್ತರದ ಊರೇ ಗತಿ. ವಾಲ್ ತೊರಾನ್ಸ್, ಆಸ್ಟ್ರಿಯಾದ 1930 ಮೀಟರ್‌ನ ಓಬರ್‌ಗುರ್ಗ್ಲ್, ಜೆರ್ಮಾಟ್ ಆಗ ಲೆಕ್ಕಕ್ಕೆ ಬರುತ್ತವೆ. ಆಸ್ಟ್ರಿಯಾದ ಹಿಂಟರ್‌ಟುಕ್ಸ್ ಹಿಮನದಿಯ ಮೇಲೆ ವರ್ಷವಿಡೀ ಸ್ಕೀ ನಡೆಯುತ್ತದೆ. ಏಪ್ರಿಲ್‌ನ ಹಿಮಕ್ಕೆ ಒಂದು ದಿನಚರಿ ಇದೆ. ಬೆಳಿಗ್ಗೆ ಗಟ್ಟಿ, ಹತ್ತು ಗಂಟೆಗೆ ಹದ, ಮಧ್ಯಾಹ್ನ ಒಂದರ ಮೇಲೆ ಕೆಸರು. ಕಲಿಯುವ ಮಕ್ಕಳಿಗೆ ಇದೇನೂ ನಷ್ಟವಲ್ಲ. ಬೆಳಗಿನ ಪಾಠ ಮುಗಿಸಿ ಮಧ್ಯಾಹ್ನ ಬಿಸಿಲಿಗೆ ಕೂರಬಹುದು. ಕೊರೆಯುವ ಚಳಿಯೂ ಇರುವುದಿಲ್ಲ. ಹವೆ ಮಟ್ಟಿಗೆ ಹೇಳುವುದಾದರೆ ದಕ್ಷಿಣ ಭಾರತದ ಮಕ್ಕಳಿಗೆ ಜನವರಿಗಿಂತ ಏಪ್ರಿಲ್ ಮೊದಲರ್ಧವೇ ಹಿತ.

ದಸರಾ ರಜೆಗೆ ದಕ್ಷಿಣ ಗೋಳದ ನ್ಯೂಜಿಲೆಂಡ್ ನೆನಪಾಗುತ್ತದೆ. ಅಲ್ಲಿ ಸ್ಕೀ ಜೂನ್ ಮಧ್ಯದಿಂದ. ಆದರೆ ಅಕ್ಟೋಬರ್ ಬರುವ ಹೊತ್ತಿಗೆ ಕ್ವೀನ್ಸ್‌ಟೌನ್ ಸುತ್ತಲೂ ಸೀಸನ್ ಮುಗಿಯುತ್ತಾ ಬಂದಿರುತ್ತದೆ.

ಯುರೋಪಿನಲ್ಲೇ ಇರುವ ಕನ್ನಡಿಗರ ಸಮಸ್ಯೆ ಬೇರೆ. ಬ್ರಿಟನ್ನಿನ ಶಾಲೆಗಳಿಗೆ ಫೆಬ್ರವರಿ ಮಧ್ಯದಲ್ಲಿ ಒಂದು ವಾರ ರಜೆ. ಫ್ರಾನ್ಸ್ ತನ್ನ ಶಾಲೆಗಳನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿ, ಎರಡೆರಡು ವಾರದ ರಜೆಯನ್ನು ಹಿಂದೆ ಮುಂದೆ ಕೊಡುತ್ತದೆ. ಎಲ್ಲರೂ ಒಟ್ಟಿಗೆ ಬೆಟ್ಟಕ್ಕೆ ನುಗ್ಗದಿರಲಿ ಎಂದು. ಆದರೂ ಪ್ಯಾರಿಸ್ ಇರುವ ಸಿ ವಲಯದ ರಜೆಯೂ ಬ್ರಿಟಿಷರ ರಜೆಯೂ ಒಂದೇ ವಾರಕ್ಕೆ ಬಿದ್ದ ವರ್ಷ ಶನಿವಾರ ಬೆಟ್ಟದ ಬುಡದ ಆಲ್ಬರ್‌ವಿಲ್ ಪಟ್ಟಣದ ಕಡೆಯಿಂದ ಮೇಲೇರುವ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡವರಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ ಹಿತವೆನಿಸಬಹುದು. ಕೈಯಲ್ಲಿ ಆಯ್ಕೆ ಇದ್ದರೆ ಜನವರಿ 7ರ ನಂತರದ ಎರಡು ವಾರ ಹೋಗಿ. ಚಳಿ ಹೌದು, ಆದರೆ ದರವೂ ಇಳಿದಿರುತ್ತದೆ, ಸಾಲುಗಳೂ ಇರುವುದಿಲ್ಲ.

ಬಣ್ಣದ ಭಾಷೆ ದೇಶಕ್ಕೊಂದು

ಹಾದಿಗಳ ಕಷ್ಟವನ್ನು ಬಣ್ಣದಿಂದ ಹೇಳುತ್ತಾರೆ. ಫ್ರಾನ್ಸಿನಲ್ಲಿ ಹಸಿರು ತೀರಾ ಸುಲಭ, ನೀಲಿ ಸುಲಭ, ಕೆಂಪು ಕಷ್ಟ, ಕಪ್ಪು ಬಲು ಕಷ್ಟ. ಆಸ್ಟ್ರಿಯಾ, ಸ್ವಿಟ್ಜರ್‌ಲ್ಯಾಂಡ್, ಇಟಲಿಗಳಲ್ಲಿ ಸಾಮಾನ್ಯವಾಗಿ ಹಸಿರು ಇಲ್ಲ, ನೀಲಿಯಿಂದಲೇ ಶುರು. ಆಸ್ಟ್ರಿಯಾದಲ್ಲಿ ಇದಕ್ಕೆ ಅಳತೆಯಿದೆ. ನೀಲಿ ಹಾದಿ ಹೆಚ್ಚಂದರೆ 25 ಶೇಕಡಾ ಇಳಿಜಾರು, ಅಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 25 ಮೀಟರ್ ಕೆಳಗೆ. ಕೆಂಪು 40 ಶೇಕಡಾದವರೆಗೆ. ಅಮೆರಿಕ, ಕೆನಡಾದಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ. ಅಲ್ಲಿ ಗುರುತು ಹಾಕುವುದು ಆಯಾ ಬೆಟ್ಟದ ಒಳಗಿನ ಹೋಲಿಕೆಯಿಂದ. ಆದ್ದರಿಂದ ಒಂದು ಬೆಟ್ಟದ ನೀಲಿ ಇನ್ನೊಂದು ಬೆಟ್ಟದ ನೀಲಿಗೆ ಸಮ ಅಲ್ಲ. ಕ್ಯಾಲಿಫೋರ್ನಿಯಾದ ಟಾಹೋದಲ್ಲಿ ಹಸಿರಿನ ಮೇಲೆ ಎರಡು ದಿನ ಕಲಿತ ಬೇ ಏರಿಯಾದ ಮಂದಿ ಆಸ್ಟ್ರಿಯಾಕ್ಕೆ ಬಂದರೆ ಮೊದಲು ಮತ್ತೆ ಮಕ್ಕಳ ಜಾಗಕ್ಕೇ ಹೋಗಿ ನೋಡಲಿ.

"ನಮ್ಮಲ್ಲಿ 600 ಕಿಲೋಮೀಟರ್ ಹಾದಿ" ಎಂಬ ಅಂಕಿಯನ್ನು ಪಕ್ಕಕ್ಕಿಡಿ. ವಾಲ್ ತೊರಾನ್ಸ್ ಸೇರಿರುವ ಮೂರು ಕಣಿವೆಗಳ ಲಿಫ್ಟ್ ಜಾಲ ಹೇಳಿಕೊಳ್ಳುವುದು ಅಷ್ಟು. ಇಟಲಿಯ ಡೊಲೊಮಿಟಿ ಸೂಪರ್‌ಸ್ಕೀ ಪಾಸಿನಲ್ಲಿ 1200 ಕಿಲೋಮೀಟರ್. ಕ್ರಿಸ್ಟೋಫ್ ಶ್ರಾಹೆ ಎಂಬ ಜರ್ಮನ್ ತಜ್ಞ 2013ರ ಸುಮಾರಿಗೆ ದೊಡ್ಡ ಊರುಗಳ ಹಾದಿಗಳನ್ನು ತಾನೇ ಅಳೆದು ನೋಡಿದಾಗ ಹಲವು ಊರುಗಳ ಲೆಕ್ಕ ಉಬ್ಬಿಸಿದ್ದೆಂದು ಹೊರಬಿತ್ತು. ಕೆಲವರು ಸ್ಕೀ ಮಾಡುವವರ ಅಂಕುಡೊಂಕನ್ನೂ ಸೇರಿಸಿ ಎಣಿಸಿದ್ದರಂತೆ! ಹೇಗೂ ಇರಲಿ, ಕಲಿಯುವ ಕುಟುಂಬ ಇಡೀ ವಾರದಲ್ಲಿ ಬಳಸುವುದು ಎರಡು ಮೂರು ಹಾದಿಗಳನ್ನಷ್ಟೆ.

ನಕ್ಷೆಯಲ್ಲಿ ನೋಡಬೇಕಾದ್ದು ಬೇರೆ. ನೀಲಿ ಹಾದಿಗಳು ಒಂದಕ್ಕೊಂದು ಕೂಡಿಕೊಂಡಿವೆಯಾ, ಅಥವಾ ನಡುವೆ ಕೆಂಪು ತುಂಡು ಬಂದು ಕಡಿಯುತ್ತದೆಯಾ? ಸಂಜೆ ಊರಿಗೆ ಇಳಿಯುವ ಕೊನೆಯ ಹಾದಿ ಯಾವ ಬಣ್ಣ? ಫ್ರಾನ್ಸಿನ ವಾಲ್ ದಿಜೇರ್ ಇದಕ್ಕೆ ಒಳ್ಳೆಯ ಉದಾಹರಣೆ. ಮೇಲೆ ಕಲಿಯುವವರಿಗೆ ಹದವಾದ ವಿಶಾಲ ಜಾಗವಿದೆ, ಆದರೆ ಊರಿಗೆ ಇಳಿಯುವ ಹಾದಿಗಳು ಕಡಿದು. ಸಂಜೆ ದಣಿದ ಕಾಲು, ಗಟ್ಟಿಯಾದ ಹಿಮ, ಹಿಂದಿನಿಂದ ಬಾಣದಂತೆ ಬರುವ ಜನ. ಹೊಸಬರು ನಾಚಿಕೊಳ್ಳದೆ ಲಿಫ್ಟ್‌ನಲ್ಲೇ ಕೆಳಗೆ ಬರುತ್ತಾರೆ. ಲಿಫ್ಟ್‌ನಲ್ಲಿ ಇಳಿಯಬಹುದಾ ಎಂಬುದನ್ನು ಮುಂಚೆಯೇ ತಿಳಿದುಕೊಳ್ಳಬೇಕು. ಮುಚ್ಚಿದ ಡಬ್ಬಿಯಂಥ ಗೊಂಡೊಲಾ ಆದರೆ ತೊಂದರೆಯಿಲ್ಲ, ತೆರೆದ ಕುರ್ಚಿಯ ಎಲ್ಲ ಚೇರ್‌ಲಿಫ್ಟ್‌ಗಳಲ್ಲೂ ಕೆಳಗೆ ಬರಲು ಬಿಡುವುದಿಲ್ಲ.

ಬೆಳಗಿನ ಒಂಬತ್ತರಿಂದ ಹತ್ತು

ಒಂದು ಊರು ಕುಟುಂಬಕ್ಕೆ ಸರಿಯೋ ಇಲ್ಲವೋ ತೀರ್ಮಾನವಾಗುವುದು ಈ ಒಂದು ಗಂಟೆಯಲ್ಲಿ.

ಒಂಬತ್ತಕ್ಕೆ ಬಟ್ಟೆ ಶುರು. ಒಳಗೆ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ನೀರು ಹೀರದ ಪ್ಯಾಂಟು, ಜಾಕೆಟ್. ಕಾಲಿಗೆ ಒಂದೇ ಜೊತೆ ಉದ್ದನೆಯ ಕಾಲುಚೀಲ. ಎರಡು ಹಾಕಿದರೆ ಬೆಚ್ಚಗಿರುತ್ತದೆ ಅಂದುಕೊಳ್ಳುತ್ತಾರೆ, ಆದರೆ ಬೂಟು ಬಿಗಿಯಾಗಿ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಆಮೇಲೆ ಬೂಟು. ಸ್ಕೀ ಬೂಟು ಮಣಿಯುವುದೇ ಇಲ್ಲ. ಅಪ್ಪ ಮಂಡಿಯೂರಿ ಮಗುವಿನ ಹಿಮ್ಮಡಿಯನ್ನು ಒಳಕ್ಕೆ ಒತ್ತಬೇಕು. ಹೆಲ್ಮೆಟ್, ಗಾಗಲ್ಸ್, ಗ್ಲೌಸ್. ಎಲ್ಲ ಜಿಪ್ ಎಳೆದು ಮುಗಿಯಿತು ಅನ್ನುವಾಗ "ಅಮ್ಮಾ, ಸೂಸೂ". ಮತ್ತೆ ಮೊದಲಿಂದ.

ಇಷ್ಟಾಗಿ ಹೊರಗೆ ಬಂದರೆ ಸ್ಕೀ ಶಾಲೆಯವರು ಸೇರುವ ಜಾಗ 800 ಮೀಟರ್ ದೂರದಲ್ಲಿದೆ ಅನ್ನಿ. ಅಪ್ಪನ ಹೆಗಲ ಮೇಲೆ ಮೂರು ಜೊತೆ ಸ್ಕೀ. ಅಮ್ಮನ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು. ನೆಲ ಮಂಜುಗಡ್ಡೆ. ಬೂಟು ಹಾಕಿದ ಮಗು ನೂರು ಹೆಜ್ಜೆ ನಡೆದು ಕೂತುಬಿಡುತ್ತದೆ. ಬಸ್ಸು ಬಂದರೆ ಕಿಕ್ಕಿರಿದಿದೆ. ಪಾಠ ಶುರುವಾಗುವ ಮೊದಲೇ ಎಲ್ಲರೂ ಬೆವೆತು, ಮುನಿದು, ಸುಸ್ತಾಗಿರುತ್ತಾರೆ. ಇದು ಆರೂ ದಿನ ಬೆಳಿಗ್ಗೆ ನಡೆಯುತ್ತದೆ.

ಹೋಟೆಲಿನ ನಕ್ಷತ್ರ ಎಣಿಸುವ ಬದಲು ಈ ದೂರವನ್ನು ಅಳೆಯಿರಿ. ಸ್ಕೀ ಶಾಲೆಯ ವೆಬ್‌ಸೈಟಿನಲ್ಲಿ ಸೇರುವ ಜಾಗ ಕೊಟ್ಟಿರುತ್ತಾರೆ. ಅದನ್ನೂ ನಿಮ್ಮ ಮನೆಯನ್ನೂ ಮ್ಯಾಪಿನಲ್ಲಿ ಹಾಕಿ ನೋಡಿ. ಏರುದಾರಿ ಇದೆಯಾ ಎಂಬುದನ್ನೂ ನೋಡಿ. ಸ್ಕೀ, ಬೂಟುಗಳನ್ನು ರಾತ್ರಿ ಮೇಲೆಯೇ ಇಡಲು ಲಾಕರ್ ಇದ್ದರೆ ಅರ್ಧ ಯುದ್ಧ ಗೆದ್ದಂತೆ.

ಪುಟ್ಟ ಮಕ್ಕಳಿದ್ದವರಿಗೆ ನಾನು ಮೊದಲು ಹೇಳುವುದು ಆಸ್ಟ್ರಿಯಾದ ಟಿರೋಲ್‌ನ ಸೆರ್‌ಫೌಸ್. ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ. ಸುಮಾರು 1400 ಮೀಟರ್‌ನಲ್ಲಿರುವ ಪುಟ್ಟ ಹಳ್ಳಿ, ಆದರೆ ಅದರ ನೆಲದಡಿ ಒಂದು ಮೆಟ್ರೋ ಇದೆ! 1985ರಲ್ಲಿ ಮಾಡಿದ್ದು, ನಾಲ್ಕೇ ನಿಲ್ದಾಣ, ಟಿಕೆಟ್ ಇಲ್ಲ. ಹಳ್ಳಿಯ ಒಂದು ತುದಿಯಿಂದ ಇನ್ನೊಂದು ತುದಿಯ ಲಿಫ್ಟ್ ಬುಡಕ್ಕೆ ಜನರನ್ನು ಬೂಟು ಸ್ಕೀ ಸಮೇತ ತಂದು ಬಿಡುತ್ತದೆ. ಗೊಂಡೊಲಾದಲ್ಲಿ ಮೇಲೆ ಹೋದರೆ ಸುಮಾರು 2000 ಮೀಟರ್‌ನಲ್ಲಿ ಕೊಂಪರ್‌ಡೆಲ್ ಎಂಬಲ್ಲಿ ಮಕ್ಕಳಿಗೇ ಮೀಸಲಾದ ಬಯಲು, ಮಕ್ಕಳದೇ ಊಟದ ಮನೆ. ದೊಡ್ಡವರು ವೇಗವಾಗಿ ನುಗ್ಗಿ ಬರಲು ಅಲ್ಲಿ ದಾರಿಯೇ ಇಲ್ಲ. ಲಾಂಡೆಕ್-ತ್ಸಾಮ್ಸ್‌ವರೆಗೆ ರೈಲು, ಅಲ್ಲಿಂದ ಬಸ್ಸು.

ಫ್ರಾನ್ಸ್ ಬೇಕೆಂದರೆ 1800 ಮೀಟರ್‌ನ ಅವೊರಿಯಾಜ್. ಇಲ್ಲೂ ಕಾರಿಲ್ಲ, ಹಿಮವೇ ಬೀದಿ, ಸಾಮಾನು ಸಾಗಿಸಲು ಕುದುರೆ ಗಾಡಿ. ಬಾಗಿಲು ತೆಗೆದು ಸ್ಕೀ ಹಾಕಿಕೊಂಡರೆ ಆಯಿತು. 1960ರ ದಶಕದ ಫ್ರೆಂಚ್ ಸ್ಕೀ ಚಾಂಪಿಯನ್ ಅನ್ನಿ ಫಾಮೋಸ್ ಕಟ್ಟಿದ ಮಕ್ಕಳ ಹಳ್ಳಿ ಊರಿನ ನಟ್ಟನಡುವೆ ಇದೆ. ಕಟ್ಟಡಗಳು ಚೆಂದವೇನಲ್ಲ, ಅಪಾರ್ಟ್‌ಮೆಂಟುಗಳೂ ಇಕ್ಕಟ್ಟು. ಆದರೆ ಬೆಳಗಿನ ಆ ಗಂಟೆ ಸಲೀಸು.

ಪಿಜ್ಜಾ, ಫ್ರೆಂಚ್ ಫ್ರೈಸ್ ಮತ್ತು ಮೇಷ್ಟ್ರು

ಮಕ್ಕಳ ಬಯಲಿನಲ್ಲಿ ನೆಲದ ಮೇಲೆ ಒಂದು ರಬ್ಬರ್ ಪಟ್ಟಿ ನಿಧಾನವಾಗಿ ಮೇಲಕ್ಕೆ ಚಲಿಸುತ್ತಿರುತ್ತದೆ. ಇದೇ ಮ್ಯಾಜಿಕ್ ಕಾರ್ಪೆಟ್. ಮಗು ಸ್ಕೀ ಸಮೇತ ಅದರ ಮೇಲೆ ನಿಂತರೆ ಸಾಕು. ಮೇಲೆ ತಲುಪಿದ ಮೇಲೆ ಮೇಷ್ಟ್ರು ಮಗುವಿನ ಎದುರು ಹಿಮ್ಮುಖವಾಗಿ ಜಾರುತ್ತಾ "ಪಿಜ್ಜಾ, ಪಿಜ್ಜಾ" ಎಂದು ಕೂಗುತ್ತಾರೆ. ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂದೆ ಅಗಲಿಸಿದರೆ ಪಿಜ್ಜಾ ತುಂಡಿನ ಆಕಾರ, ಅದೇ ಬ್ರೇಕ್. ನೇರ ಜೋಡಿಸಿದರೆ ಫ್ರೆಂಚ್ ಫ್ರೈಸ್, ವೇಗ. ಮೊದಲ ಎರಡು ದಿನ ಇಷ್ಟೇ ಪಾಠ. ಪುಟ್ಟ ಮಕ್ಕಳ ಕೈಗೆ ಕೋಲು ಕೊಡುವುದೇ ಇಲ್ಲ.

ಮ್ಯಾಜಿಕ್ ಕಾರ್ಪೆಟ್ ಇಲ್ಲದೆ ಟಿ ಆಕಾರದ ಕೋಲು ಎಳೆದೊಯ್ಯುವ ಹಳೆಯ ಲಿಫ್ಟ್ ಮಾತ್ರ ಇರುವ ಊರಾದರೆ ಯೋಚಿಸಿ. ಅದರಲ್ಲಿ ಇಬ್ಬರು ಅಕ್ಕಪಕ್ಕ ನಿಲ್ಲಬೇಕು, ಕೂರಬಾರದು, ಕೋಲು ತೊಡೆಯ ಹಿಂದೆ ಇರಬೇಕು. ಅಪ್ಪನ ಎತ್ತರಕ್ಕೆ ತೊಡೆಗೆ ಬಂದದ್ದು ಮಗುವಿನ ಕುತ್ತಿಗೆಗೆ ಬರುತ್ತದೆ.

ಶಾಲೆಗಳು ಮೂರು ವರ್ಷದಿಂದಲೇ ಸೇರಿಸಿಕೊಳ್ಳುತ್ತವೆ. ನನ್ನನ್ನು ಕೇಳಿದರೆ ಐದರವರೆಗೆ ಕಾಯಿರಿ. ಮೂರರ ಮಗುವಿಗೆ ಅದು ಹಿಮದ ನಡುವಿನ ಶಿಶುವಿಹಾರ ಅಷ್ಟೆ, ದುಡ್ಡು ಮಾತ್ರ ಪೂರ್ತಿ. ಭಾಷೆಯದೂ ಒಂದು ಪ್ರಶ್ನೆ. ಇಂಗ್ಲಿಷ್‌ನಲ್ಲಿ ಕಲಿಸುವ ಗುಂಪು ನಿಮ್ಮ ವಾರದಲ್ಲಿ, ನಿಮ್ಮ ಮಗುವಿನ ಮಟ್ಟದಲ್ಲಿ ಇದೆಯಾ ಎಂದು ಬರೆದು ಕೇಳಿ. ಗುಂಪಿನಲ್ಲಿ ಎಷ್ಟು ಮಕ್ಕಳು ಎಂದೂ ಕೇಳಿ. ಫ್ರಾನ್ಸಿನಲ್ಲಿ ಕೆಂಪು ಜಾಕೆಟ್ಟಿನ ಮೇಷ್ಟ್ರುಗಳಿರುವ ಇಎಸ್ಎಫ್ (ಫ್ರೆಂಚ್ ಸ್ಕೀ ಶಾಲೆ) ಶಾಲೆಗಳು ಎಲ್ಲೆಡೆ ಇವೆ. ಅಲ್ಲಿ ಪಿಯು-ಪಿಯು, ಊರ್ಸೋಂ, ಫ್ಲೊಕೋಂ ಎಂದು ಮರಿಹಕ್ಕಿ, ಕರಡಿಮರಿ, ಹಿಮದ ಹಳಕುಗಳ ಹೆಸರಿನ ಮಟ್ಟಗಳು, ವಾರದ ಕೊನೆಗೆ ಪದಕ. ಆ ಪದಕಕ್ಕಾಗಿ ಮಕ್ಕಳು ಅಳು ನುಂಗಿಕೊಂಡು ಕಲಿಯುತ್ತಾರೆ.

ಅಪ್ಪ ಅಮ್ಮ ತಾವೇ ಕಲಿಸುತ್ತೇವೆ ಎಂದು ಹೊರಡಬೇಡಿ. ಕಾರು ಕಲಿಸುವಾಗ ಗಂಡಹೆಂಡಿರ ನಡುವೆ ನಡೆಯುವುದೆಲ್ಲ ಇಲ್ಲೂ ನಡೆಯುತ್ತದೆ. ಅಪ್ಪ ಅಮ್ಮನಿಗೂ ಪಾಠ ಬೇಕು, ಮಕ್ಕಳ ಪಾಠದ ಹೊತ್ತಿಗೇ ಸರಿಹೊಂದಿಸಿಕೊಂಡರೆ ಒಳ್ಳೆಯದು.

ಅಜ್ಜ ಅಜ್ಜಿ ಬಂದರೆ

ನಮ್ಮ ರಜೆಗಳಲ್ಲಿ ಅಜ್ಜ ಅಜ್ಜಿ ಇರುತ್ತಾರೆ. ಯುರೋಪಿನ ಮಾರ್ಗದರ್ಶಿಗಳು ಅವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸ್ಕೀಗಾಗಿಯೇ ಕಟ್ಟಿದ ಎತ್ತರದ ಫ್ರೆಂಚ್ ಊರುಗಳಲ್ಲಿ ಸ್ಕೀ ಮಾಡದವರಿಗೆ ಕಿಟಕಿ ಬಳಿ ಕೂರುವುದು ಬಿಟ್ಟರೆ ಕೆಲಸವಿಲ್ಲ. ಅವರಿಗಾಗಿ ನೋಡಬೇಕಾದ್ದು ರೈಲು ಹೋಗುವ ಹಳೆಯ ಹಳ್ಳಿ, ನಡೆಯಲು ಹಿಮ ಒತ್ತಿ ಸಮ ಮಾಡಿದ ದಾರಿ, ಸ್ಕೀ ಇಲ್ಲದವರಿಗೂ ಟಿಕೆಟ್ ಕೊಡುವ ಗೊಂಡೊಲಾ.

ಇದರಲ್ಲಿ ಸ್ವಿಟ್ಜರ್‌ಲ್ಯಾಂಡಿನ ವೆಂಗೆನ್ ಮತ್ತು ಗ್ರಿಂಡೆಲ್‌ವಾಲ್ಡ್‌ಗೆ ಸಾಟಿ ಕಡಿಮೆ. 1274 ಮೀಟರ್‌ನ ವೆಂಗೆನ್‌ಗೆ ಕಾರು ಹೋಗದು. ಲೌಟರ್‌ಬ್ರುನ್ನೆನ್‌ನಿಂದ ಹಲ್ಲಿನ ಗಾಲಿಯ ರೈಲು ಕಾಲು ಗಂಟೆಯಲ್ಲಿ ತಲುಪಿಸುತ್ತದೆ. ಮಕ್ಕಳು ಕಲಿಯುವ ಜಾಗ ಹಳ್ಳಿಯ ಮಧ್ಯದಲ್ಲೇ ಇದೆ. ಅಜ್ಜಿ ಬೆಂಚಿನ ಮೇಲೆ ಕೂತು ಮೊಮ್ಮಗಳು ಬೀಳುವುದನ್ನು, ಏಳುವುದನ್ನು ನೋಡಬಹುದು. ಮಧ್ಯಾಹ್ನ ಎಲ್ಲರೂ ರೈಲಿನಲ್ಲಿ 2061 ಮೀಟರ್‌ನ ಕ್ಲೈನೆ ಶೈಡೆಗ್‌ಗೆ ಹೋಗಿ ಐಗರ್ ಶಿಖರದ ಕೆಳಗೆ ಒಟ್ಟಿಗೆ ಊಟ ಮಾಡಬಹುದು. ಸ್ಕೀ ಮಾಡುವವರು, ಮಾಡದವರು ಒಂದೇ ಮೇಜಿಗೆ ಬರಲು ಸಾಧ್ಯವಿರುವ ಊರು ಕುಟುಂಬಕ್ಕೆ ದೊಡ್ಡ ವರ. ಗ್ರಿಂಡೆಲ್‌ವಾಲ್ಡ್ ಬದಿಯಲ್ಲಿ ಫಿರ್ಸ್ಟ್ ಬೆಟ್ಟದಿಂದ ಬಾಕಾಲ್ಪ್‌ಸೇ ಕೆರೆಯವರೆಗೆ ಚಳಿಗಾಲದ ನಡಿಗೆ ದಾರಿಯಿದೆ. ಅಲ್ಪಿಗ್ಲೆನ್‌ನಿಂದ ಬ್ರಾಂಡೆಗ್‌ಗೆ ಸ್ಲೆಡ್ ಮೇಲೆ ಜಾರಿ ರೈಲಿನಲ್ಲಿ ವಾಪಸ್ ಹತ್ತಬಹುದು. ಸ್ಕೀ ಬೇಡವೇ ಬೇಡ ಎಂದು ಮಗು ಹಟ ಹಿಡಿದ ದಿನಕ್ಕೂ ಇದು ಮದ್ದು. ಒಂದೇ ಎಚ್ಚರಿಕೆ: ವೆಂಗೆನ್ ಅಷ್ಟೇನೂ ಎತ್ತರವಿಲ್ಲ, ಮಾರ್ಚ್ ಮಧ್ಯದ ಮೇಲೆ ಹಳ್ಳಿಯ ಹಿಮವನ್ನು ನಂಬಬೇಡಿ.

ಇಟಲಿಯಲ್ಲಾದರೆ ಬೊಲ್ಜಾನೊ ಬಳಿಯ ಸೈಸರ್ ಆಲ್ಮ್. ಎತ್ತರದಲ್ಲಿ ಹರಡಿದ 56 ಚದರ ಕಿಲೋಮೀಟರ್ ಹುಲ್ಲುಗಾವಲು, ಚಳಿಗಾಲದಲ್ಲಿ ಇಡೀ ಬಿಳಿ. ಹಾದಿಗಳು ಸುಲಭ, ಬಿಸಿಲು ಜಾಸ್ತಿ, ಕುದುರೆ ಗಾಡಿಗಳೂ ಇವೆ. ಚೆನ್ನಾಗಿ ಬರುವವರಿಗೆ ಎರಡು ದಿನದಲ್ಲಿ ಬೇಸರ ಬರಬಹುದು. ಬರಲಿ ಬಿಡಿ, ಪಕ್ಕದ ಕಣಿವೆಗೆ ಹೋಗಿ ಬರಲಿ.

ಊಟ

ಸಸ್ಯಾಹಾರಿಗಳಿಗೆ ಬೆಟ್ಟದ ಮೇಲೆ ಉಪವಾಸವಿಲ್ಲ, ಆದರೆ ವಿಚಾರಿಸಿ ತಿನ್ನಬೇಕು. ಆಲೂಗಡ್ಡೆಯ ರ್‍ಯೋಸ್ಟಿಯಲ್ಲಿ ಕೆಲವೊಮ್ಮೆ ಹಂದಿಮಾಂಸದ ಚೂರು ಇರುತ್ತದೆ. ಚೀಸ್ ಫಾಂಡ್ಯೂಗೆ ಬಿಳಿ ವೈನ್ ಹಾಕುವುದು ರೂಢಿ, ಮಕ್ಕಳಿಗೆ ಕೊಡುವ ಮುನ್ನ ತಿಳಿದಿರಲಿ. ಆಸ್ಟ್ರಿಯಾದ ಕೇಸೆಸ್ಪೆಟ್ಸ್ಲೆ ಎಂಬ ಚೀಸ್ ನೂಡಲ್ಸ್ ಮಕ್ಕಳಿಗೆ ಇಷ್ಟವಾಗುತ್ತದೆ. ಗೆರ್ಮ್‌ಕ್ನ್ಯೋಡೆಲ್ ಎಂಬುದೊಂದಿದೆ, ಹಬೆಯಲ್ಲಿ ಬೇಯಿಸಿದ, ಒಳಗೆ ಪ್ಲಮ್ ಜಾಮ್ ಇಟ್ಟ ಉಂಡೆ, ಮೇಲೆ ಗಸಗಸೆ ಸಕ್ಕರೆ. ನಮ್ಮ ಸಿಹಿ ಕಡುಬಿನ ದೂರದ ನೆಂಟ.

ಆದರೂ ಮೂರನೇ ದಿನ ಅನ್ನ ಸಾರು ನೆನಪಾಗುವುದು ಖಂಡಿತ. ಹಾಗಾಗಿ ಹೋಟೆಲಿಗಿಂತ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ನನ್ನ ಆಯ್ಕೆ. ಪುಟ್ಟ ಕುಕ್ಕರ್, ಸಾರಿನ ಪುಡಿ ಒಯ್ಯಿರಿ. ದೊಡ್ಡ ಖರೀದಿಯನ್ನು ಕೆಳಗಿನ ಪಟ್ಟಣದ ಸೂಪರ್ ಮಾರ್ಕೆಟ್ಟಿನಲ್ಲೇ ಮುಗಿಸಿಕೊಳ್ಳಿ, ಹಳ್ಳಿಯ ಅಂಗಡಿಗಳಲ್ಲಿ ದರ ಜಾಸ್ತಿ.

ದುಡ್ಡು, ವಿಮೆ, ಬುಕಿಂಗ್

ಸ್ಕೀ ರಜೆಯ ಖರ್ಚು ಐದು ಕಡೆಯಿಂದ ಬರುತ್ತದೆ: ಪ್ರಯಾಣ, ಮನೆ, ಲಿಫ್ಟ್ ಪಾಸ್, ಪಾಠ, ಬಾಡಿಗೆ ಸಾಮಾನು. ಅಗ್ಗದ ಮನೆ ಕಂಡೊಡನೆ ಹಿಗ್ಗಬೇಡಿ, ಉಳಿದ ನಾಲ್ಕನ್ನೂ ಕೂಡಿ ನೋಡಿ. ಪಾಸಿನಲ್ಲಿ ಉಳಿಸಲು ದಾರಿಯಿದೆ. ಐದಾರು ವರ್ಷದೊಳಗಿನವರಿಗೆ ಪಾಸು ಬಿಟ್ಟಿ ಇರುವ ಊರುಗಳು ಬಹಳ. ಕಲಿಯುವ ಜಾಗಕ್ಕೆ ಮಾತ್ರ ಕಡಿಮೆ ದರದ ಟಿಕೆಟ್ ಕೊಡುವ ಊರುಗಳೂ ಇವೆ. ದೊಡ್ಡವರಾದರೂ ಹೊಸಬರೇ ಆದರೆ ಮೊದಲ ಮೂರು ದಿನ ಅದೇ ಸಾಕು, ಪೂರ್ತಿ ಪಾಸಿನ ಮಾತು ಆಮೇಲೆ. ಅಮೆರಿಕದಲ್ಲಿ ಮಾತ್ರ ಉಲ್ಟಾ, ತಿಂಗಳುಗಳ ಮುಂಚೆಯೇ ಕೊಳ್ಳಬೇಕು. ಕೊಲರಾಡೊದ ವೇಲ್‌ನಲ್ಲಿ ಗಿರಾಕಿಯ ದಿನಗಳಲ್ಲಿ ಕೌಂಟರಿನ ಒಂದು ದಿನದ ಟಿಕೆಟ್ 300 ಡಾಲರ್ ದಾಟಿದೆ.

ಖರ್ಚು ತೀರಾ ಹೆಚ್ಚಾಯಿತು ಅನ್ನುವವರು ಕಜಕಸ್ತಾನದ ಅಲ್ಮಾಟಿ ಕಡೆ ನೋಡಬಹುದು. ಭಾರತದ ಪಾಸ್‌ಪೋರ್ಟ್‌ನವರಿಗೆ 14 ದಿನ ವೀಸಾ ಬೇಡ, ನಗರದ ಬೆನ್ನಿಗೇ ಶಿಂಬುಲಾಕ್ ಇದೆ. ಅದರ ಬುಡವೇ 2260 ಮೀಟರ್, ಚಳಿ ಜೋರು. ಬಲ್ಗೇರಿಯಾದ ಬಾನ್ಸ್ಕೊ ಕೂಡ ಅಗ್ಗ. ಆದರೆ ಪಟ್ಟಣದಿಂದ ಮೇಲೆ ಹೋಗುವ ಗೊಂಡೊಲಾಕ್ಕೆ ಬೆಳಿಗ್ಗೆ ಉದ್ದ ಸಾಲು. ಆ ಒಂಬತ್ತು-ಹತ್ತರ ಗಂಟೆಯನ್ನು ನೆನೆಸಿಕೊಳ್ಳಿ.

ವಿಮೆಯ ಸಣ್ಣ ಅಕ್ಷರ ಓದಲೇಬೇಕು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕೇಳುತ್ತಾರೆ, ಎಲ್ಲರೂ ಮಾಡಿಸುತ್ತಾರೆ. ಆದರೆ ಸಾಮಾನ್ಯ ಪ್ರವಾಸ ವಿಮೆಯಲ್ಲಿ ಚಳಿಗಾಲದ ಆಟಗಳನ್ನು ಹೊರಗಿಟ್ಟಿರುವುದು ಮಾಮೂಲು. ಸ್ಕೀ ಸೇರಿಸಲು ಬೇರೆ ಪ್ರೀಮಿಯಂ ಕಟ್ಟಬೇಕು. ಹಾದಿಯಿಂದ ಸ್ಟ್ರೆಚರಿನಲ್ಲಿ ಅಥವಾ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚೂ ಅದರಲ್ಲಿ ಸೇರಿದೆಯಾ ನೋಡಿ. ಇಟಲಿಯಲ್ಲಿ 2022ರಿಂದ, ಇನ್ನೊಬ್ಬರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆ ಕಡ್ಡಾಯ. ಲಿಫ್ಟ್ ಪಾಸಿನ ಜೊತೆ ದಿನಕ್ಕಿಷ್ಟು ಎಂದು ಮಾರುತ್ತಾರೆ. 2025ರ ನವೆಂಬರ್‌ನಿಂದ ಅಲ್ಲಿ ದೊಡ್ಡವರಿಗೂ ಹೆಲ್ಮೆಟ್ ಕಡ್ಡಾಯ. ಕಾನೂನು ಇರಲಿ ಬಿಡಲಿ, ಎಲ್ಲ ಕಡೆ ಹಾಕಿ.

ಬುಕಿಂಗ್ ಮಾಡುವಾಗ ಹೆಚ್ಚಿನವರು ಮೊದಲು ವಿಮಾನ, ಕೊನೆಗೆ ಪಾಠ ಎಂದು ಹೊರಡುತ್ತಾರೆ. ರಜೆಯ ವಾರಗಳಲ್ಲಿ ಮೊದಲು ಖಾಲಿಯಾಗುವುದು ಇಂಗ್ಲಿಷ್ ಗುಂಪಿನ ಸೀಟು. ಆದ್ದರಿಂದ ಮೊದಲು ಸ್ಕೀ ಶಾಲೆಗೆ ಬರೆದು ಸೀಟು ಹಿಡಿಯಿರಿ, ಆಮೇಲೆ ಅದರ ಹತ್ತಿರದ ಮನೆ, ಆಮೇಲೆ ವಿಮಾನ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡುವ ಮನೆಗಳು ಬಹಳ, ಅದಕ್ಕೆ ತಕ್ಕಂತೆ ವಿಮಾನ ನೋಡಿ. ಥರ್ಮಲ್, ಪ್ಯಾಂಟು, ಗ್ಲೌಸ್‌ಗಳನ್ನು ಬೆಂಗಳೂರಿನ ಡೆಕಾತ್ಲಾನ್‌ನಲ್ಲೇ ಕೊಳ್ಳಬಹುದು. ಬೂಟು, ಸ್ಕೀ, ಹೆಲ್ಮೆಟ್ ಅಲ್ಲೇ ಬಾಡಿಗೆಗೆ. ಒಂದೆರಡು ವಾರ ಮೊದಲು ಆನ್‌ಲೈನ್‌ನಲ್ಲಿ ಹೇಳಿಟ್ಟರೆ ತುಸು ಅಗ್ಗ. ಪ್ರತಿಯೊಬ್ಬರ ಎತ್ತರ, ತೂಕ, ಸೆಂಟಿಮೀಟರ್‌ನಲ್ಲಿ ಪಾದದ ಉದ್ದ ಕೇಳುತ್ತಾರೆ. ಮಕ್ಕಳ ಪಾದವನ್ನು ಹೊರಡುವ ವಾರ ಇನ್ನೊಮ್ಮೆ ಅಳೆಯಿರಿ. ಮೂರು ತಿಂಗಳ ಹಿಂದಿನ ಅಳತೆ ಸಾಲುವುದಿಲ್ಲ.